ಗ್ರಾಮೋದ್ಧಾರವನ್ನು ಅಳೆಯುವ ಬಗೆ



ಕಣದಲ್ಲಿ ರಾಶಿಯನ್ನು ಅಳೆಯಲು ಕುಳಿತ ಒಕ್ಕಲಿಗನು ಮೊದಲು ಕೊಳಗವನ್ನು ಪರೀಕ್ಷಿಸುವನು. ಕೊಳಗವು ಸರಿಯಿಲ್ಲದಿದ್ದರೆ ರಾಶಿಯು ಎಷ್ಟು ದೊಡ್ಡದಿದ್ದರೂ ಪಾಲುಗಾರರಲ್ಲಿ ಒಬ್ಬನಿಗೆ ಅನ್ಯಾಯವಾಗದೆ ಇರದು. ಗ್ರಾಮೋದ್ಧಾರದಲ್ಲಿಯೂ ಇದೇ ನ್ಯಾಯವು ಸಲ್ಲುವದು. ಯಾವ ಸೀಮೆಯು ಎಷ್ಟು ಹಿಂದುಳಿದಿದೆಯೆಂಬುದನ್ನು ಅಳೆದು ನೋಡದೆ ಮಾಡಿದ ವೆಚ್ಚವು, ಈಗಾಗಲೇ ನೀರುಂಡ ಹೊಲಕ್ಕೇ ಮತ್ತೆ ತಿರುಗಿಸಿದ ಕಾಲುವೆಯಂತಾಗುವದು.

ಕರ್ನಾಟಕದಲ್ಲಿ ಈ ಕಾರ್ಯವನ್ನು ವಿಸ್ತಾರವಾಗಿ ನಡೆಯಿಸಿದ್ದು ಡಾ. ಡಿ. ಎಂ. ನಂಜುಂಡಪ್ಪನವರ ಅಧ್ಯಕ್ಷತೆಯಲ್ಲಿ ೨೦೦೦ರಲ್ಲಿ ರಚಿತವಾದ ಉನ್ನತಾಧಿಕಾರ ಸಮಿತಿಯು. ೨೦೦೨ರಲ್ಲಿ ಒಪ್ಪಿಸಿದ ವರದಿಯಲ್ಲಿ ಅದು ಜಿಲ್ಲೆಯನ್ನು ಬಿಟ್ಟು ತಾಲೂಕನ್ನೇ ಅಳತೆಯ ಆಧಾರವಾಗಿ ಹಿಡಿಯಿತು. ಜಿಲ್ಲೆಯ ಸರಾಸರಿಯಲ್ಲಿ ಒಂದು ತಾಲೂಕಿನ ಸಮೃದ್ಧಿಯು ನೆರೆಯ ತಾಲೂಕಿನ ಬಡತನವನ್ನು ಮರೆಮಾಡುವದಷ್ಟೆ! ಬೇಸಾಯ, ಉದ್ಯಮ, ರಸ್ತೆ, ವಿದ್ಯೆ, ವೈದ್ಯ ಮೊದಲಾದವುಗಳಿಗೆ ಸಂಬಂಧಿಸಿದ ೩೫ ಲಕ್ಷಣಗಳನ್ನು ಕೂಡಿಸಿ ಪ್ರತಿಯೊಂದು ತಾಲೂಕಿಗೂ ಒಂದು ಅಂಕವನ್ನು ಕಟ್ಟಲಾಯಿತು. ರಾಜ್ಯದ ಸರಾಸರಿಯೇ ೧. ಅದಕ್ಕಿಂತ ಕಡಿಮೆಯಾದದ್ದು ಹಿಂದುಳಿದ ತಾಲೂಕು.

ಅಂದಿನ ೧೭೫ ತಾಲೂಕುಗಳಲ್ಲಿ ೧೧೪ ಹಿಂದುಳಿದವೆಂದು ಕಂಡುಬಂದವು. ಅವುಗಳಲ್ಲಿ ೩೯ ಅತ್ಯಂತ ಹಿಂದುಳಿದವು. ಈ ೩೯ರಲ್ಲಿ ೨೧ ಗುಲಬರ್ಗಾ ವಿಭಾಗದವು. ರಾಯಚೂರು ಜಿಲ್ಲೆಯ ದೇವದುರ್ಗವು ೦.೫೩ ಅಂಕದಿಂದ ಕಟ್ಟಕಡೆಯಲ್ಲಿ ನಿಂತಿತು. ಆದರೆ ರಾಜಧಾನಿಗೆ ಸಮೀಪದ ಮಾಗಡಿ, ಕನಕಪುರಗಳೂ ಅದೇ ಪಟ್ಟಿಯಲ್ಲಿ ಸೇರಿದ್ದವು. ದೀಪದ ಬುಡದ ಕತ್ತಲೆಯನ್ನು ತಾಲೂಕಿನ ಅಳತೆಯು ಹೀಗೆ ಬೆಳಕಿಗೆ ತಂದಿತು.

ಒಂದರಲ್ಲಿ ತಾಲೂಕಿನ ಅಂಕವನ್ನು ಕಳೆದು ಉಳಿದದ್ದೇ ಅದರ ಕೊರತೆ. ದೇವದುರ್ಗದ ಕೊರತೆಯು ೦.೪೭. ಕೊರತೆಗೆ ತಕ್ಕಂತೆ ಧನವನ್ನು ಹಂಚಬೇಕೆಂದೂ, ಎಂಟು ವರ್ಷಗಳಲ್ಲಿ ೩೧,೦೦೦ ಕೋಟಿ ರೂಪಾಯಿಗಳನ್ನು ವಿನಿಯೋಗಿಸಬೇಕೆಂದೂ ಸಮಿತಿಯು ಸೂಚಿಸಿತು. ವಿಶೇಷಾಭಿವೃದ್ಧಿ ಯೋಜನೆಯು ೨೦೦೭-೦೮ರಿಂದ ಆರಂಭವಾಯಿತು.

ಇಲ್ಲಿ ವಿಚಾರವಂತರು ಲಕ್ಷ್ಯದಲ್ಲಿಡತಕ್ಕ ಸಂಗತಿಗಳು ಎರಡು. ಸರಾಸರಿಯೊಡನೆ ಹೋಲಿಸಿದ ಅಂಕವು ಸ್ಥಾನವನ್ನು ತಿಳಿಸುವದೇ ಹೊರತು ನಡೆದ ದಾರಿಯನ್ನು ತಿಳಿಸದು. ಎಲ್ಲ ತಾಲೂಕುಗಳೂ ಸಮನಾಗಿ ಮುಂದುವರಿದರೆ ಹಿಂದಿನದು ಸುಧಾರಿಸಿಯೂ ಹಿಂದೆಯೇ ಕಾಣುವದು. ಆದುದರಿಂದ ತಾಲೂಕನ್ನು ನೆರೆಯವರೊಡನೆ ಮಾತ್ರವಲ್ಲದೆ ಅದರ ನಿನ್ನೆಯ ಸ್ಥಿತಿಯೊಡನೆಯೂ ಹೋಲಿಸಬೇಕು. ಎರಡನೆಯದಾಗಿ, ಕೂಡಿಸಿದ ಅಂಕದಲ್ಲಿ ರಸ್ತೆಯ ಹೆಚ್ಚಳವು ಶಾಲೆಯ ಕೊರತೆಯನ್ನು ಮುಚ್ಚಬಹುದು. ಮಗುವಿಗೆ ಬೇಕಾದ ಅಕ್ಷರವನ್ನು ಡಾಂಬರು ಕೊಡಲಾರದು. ಆದಕಾರಣ ಒಟ್ಟು ಅಂಕದೊಡನೆ ಒಂದೊಂದು ಲಕ್ಷಣವನ್ನೂ ಬಿಡಿಬಿಡಿಯಾಗಿ ನೋಡುವದು ಅವಶ್ಯವು.

೨೦೦೨ರ ಬಳಿಕ ಅನೇಕ ಹೊಸ ತಾಲೂಕುಗಳು ಹುಟ್ಟಿದವು. ಹಳೆಯ ಅಳತೆಯು ಅವುಗಳಿಗೆ ಹೊಂದದು. ಪ್ರೊ. ಎಂ. ಗೋವಿಂದರಾವ್ ಅವರ ಅಧ್ಯಕ್ಷತೆಯಲ್ಲಿ ೨೦೨೪ರಲ್ಲಿ ಹೊಸ ಸಮಿತಿಯು ರಚಿತವಾದುದರ ಔಚಿತ್ಯವು ಇದರಿಂದ ವ್ಯಕ್ತವಾಗುವದು.

ವೆಚ್ಚದ ಲೆಕ್ಕವು ಬೇರೆ, ಉದ್ಧಾರದ ಲೆಕ್ಕವು ಬೇರೆ. ಎಷ್ಟು ಹಣವು ಬಂದಿತೆಂದು ಕೇಳುವದರೊಡನೆ, ಎಷ್ಟು ಮನೆಗಳಿಗೆ ಶುದ್ಧ ನೀರು ತಲುಪಿತು, ಎಷ್ಟು ಹೆಣ್ಣುಮಕ್ಕಳು ಶಾಲೆಯಲ್ಲಿ ಉಳಿದರು ಎಂದು ಸದ್ಭಕ್ತರು ತಮ್ಮ ತಮ್ಮ ಗ್ರಾಮಸಭೆಗಳಲ್ಲಿ ವರ್ಷವರ್ಷವೂ ಕೇಳಿ ಬರೆದಿಡಲಿ. ಕೊಳಗವು ಊರವರ ಕೈಯಲ್ಲಿದ್ದರೆ ರಾಶಿಯ ಲೆಕ್ಕವು ತಪ್ಪಲಾರದು.