ರಮ್ ಅಗ್ಗ, ಹಾಲು ದುಬಾರಿ: ಕೆರಿಬಿಯನ್ ದ್ವೀಪದಲ್ಲಿ ಒಂಬತ್ತು ಜನರ ಸಂತೆ

ಕೆರಿಬಿಯನ್ ಅಂದ ತಕ್ಷಣ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಕ್ರಿಕೆಟ್. ಜಮೈಕಾ, ಆಂಟಿಗಾ, ಮತ್ತೆ 2024ರಲ್ಲಿ ದ್ರಾವಿಡ್ ಕೋಚ್ ಆಗಿದ್ದಾಗ ನಾವು ಟಿ20 ವಿಶ್ವಕಪ್ ಗೆದ್ದ ಬಾರ್ಬಡೋಸ್. ನಾನಿವತ್ತು ಮಾತಾಡ್ತಿರೋದು ಕ್ರಿಕೆಟ್ ಭೂಪಟದಲ್ಲಿ ಅಷ್ಟಾಗಿ ಕಾಣದ ಒಂದು ದ್ವೀಪದ ಬಗ್ಗೆ. ಹೆಸರು ಸೇಂಟ್ ಜಾನ್. ಅಮೆರಿಕದ ವರ್ಜಿನ್ ಐಲ್ಯಾಂಡ್ಸ್‌ನ ಮೂರು ಮುಖ್ಯ ದ್ವೀಪಗಳಲ್ಲಿ ಎಲ್ಲಕ್ಕಿಂತ ಚಿಕ್ಕದು. ಅಲ್ಲಿಯ ಬೀಚ್‌ಗಳ ವಿಡಿಯೋ ನಿಮಗೆ ಸಾವಿರ ಸಿಗತ್ತೆ. ನಾನು ಹೇಳೋದು ಅಲ್ಲಿಯ ದಿನಸಿ ಅಂಗಡಿ ಬಗ್ಗೆ, ಹೆಂಡದ ಬಗ್ಗೆ, ಮತ್ತೆ ಆ ಬಿಲ್ ಹಂಚಿಕೊಳ್ಳೋದರ ಬಗ್ಗೆ.

ನಾವು ಒಂಬತ್ತು ಜನ, ಆರು ರಾತ್ರಿ, ಅಡುಗೆಮನೆ ಇರೋ ಒಂದು ಬಾಡಿಗೆ ಮನೆ. ಎಲ್ಲರೂ ನ್ಯೂಜೆರ್ಸಿ ಸುತ್ತಮುತ್ತ ಇರೋ ಕನ್ನಡದವರು. ಕೆಲವರು ಐಟಿ, ಇಬ್ಬರು ಆಸ್ಪತ್ರೆ ಕೆಲಸ, ಒಬ್ಬ ಇನ್ನೂ ಎಂಎಸ್ ಓದ್ತಿರೋ ಹಾಸನದ ಹುಡುಗ. ಕುಡಿಯೋರು ನಾಲ್ಕು ಜನ, ನಾನೂ ಅದರಲ್ಲಿ ಒಬ್ಬ. ಕುಡಿಯದವರು ಐದು ಜನ. ಶುದ್ಧ ಸಸ್ಯಾಹಾರಿಗಳು ಮೂರು ಜನ. ಇಂಥ ಗುಂಪು ನಿಮ್ಮದೂ ಇರತ್ತೆ, ಗೋವಾಕ್ಕೋ ಗೋಕರ್ಣಕ್ಕೋ ಹೋಗಿರ್ತೀರಿ. ಆದ್ರೆ ದ್ವೀಪದ ಲೆಕ್ಕ ಸ್ವಲ್ಪ ಬೇರೆ.

ಏನು ಬೇರೆ ಅಂದ್ರೆ, ಅಂಗಡಿ ಒಳಗೆ ಹೋದರೆ ನಮಗೆ ಗೊತ್ತಿರೋ ಬೆಲೆಗಳು ತಲೆಕೆಳಗಾಗಿರುತ್ತವೆ. ಒಂದು ಗ್ಯಾಲನ್ ಹಾಲು, ಅಂದ್ರೆ ಮೂರು ಮುಕ್ಕಾಲು ಲೀಟರ್, ಅದರ ಬೆಲೆಯೂ ಅಲ್ಲೇ ತಯಾರಾದ ಒಂದು ಬಾಟಲಿ ರಮ್ ಬೆಲೆಯೂ ಹೆಚ್ಚುಕಡಿಮೆ ಅಕ್ಕಪಕ್ಕ. ಟೊಮೆಟೊ, ಸೊಪ್ಪು, ಮೊಸರು, ಮೊಟ್ಟೆ ಎಲ್ಲಾ ನ್ಯೂಜೆರ್ಸಿಗಿಂತ ಚೆನ್ನಾಗಿ ಜಾಸ್ತಿ. ರಮ್ ಮಾತ್ರ ಕಡಿಮೆ.

ಇದು ಅಂಗಡಿಯವನ ದುರಾಸೆ ಅಂತ ತಿಳಿಯೋದು ಸುಲಭ. ಹಾಗಲ್ಲ. ಸೇಂಟ್ ಜಾನ್‌ನಲ್ಲಿ ವಿಮಾನ ನಿಲ್ದಾಣವೇ ಇಲ್ಲ. ನೀವು ಪಕ್ಕದ ಸೇಂಟ್ ಥಾಮಸ್‌ನಲ್ಲಿ ಇಳಿದು, ರೆಡ್ ಹುಕ್ ಅನ್ನೋ ದಕ್ಕೆಗೆ ಹೋಗಿ, ಅಲ್ಲಿಂದ ಸುಮಾರು ಇಪ್ಪತ್ತು ನಿಮಿಷ ಫೆರ್ರಿಯಲ್ಲಿ ಕ್ರೂಜ್ ಬೇಗೆ ಬರಬೇಕು. ನೀವು ತಿನ್ನೋ ಲೆಟ್ಯೂಸೂ ಅದೇ ದಾರಿಯಲ್ಲಿ ಬರತ್ತೆ. ಅಮೆರಿಕದ ಮುಖ್ಯಭೂಮಿಯಿಂದ ಕಂಟೇನರ್ ಹಡಗು, ಸೇಂಟ್ ಥಾಮಸ್‌ನಲ್ಲಿ ಇಳಿಸೋದು, ಮತ್ತೆ ಲಾರಿ ಸಮೇತ ಬಾರ್ಜ್ ಮೇಲೆ ಸೇಂಟ್ ಜಾನ್‌ಗೆ. ಬಂದ ಮೇಲೆ ಅದನ್ನ ತಣ್ಣಗಿಡೋಕೆ ಕರೆಂಟು, ಅಲ್ಲಿ ಕರೆಂಟೂ ದುಬಾರಿ. ದ್ವೀಪದ ಮೂರನೇ ಎರಡು ಭಾಗದಷ್ಟು ನ್ಯಾಷನಲ್ ಪಾರ್ಕ್, 1956ರಿಂದ. ಕಣ್ಣಿಗೆ ಹಬ್ಬ, ಆದ್ರೆ ಹೊಲ-ಗದ್ದೆ ಅಂತ ಹೇಳಿಕೊಳ್ಳೋ ಜಾಗ ಕಡಿಮೆ, ಮಣ್ಣೂ ತೆಳು, ಎಲ್ಲಾ ಕಡಿದಾದ ಗುಡ್ಡ.

ರಮ್ ಯಾಕೆ ಅಗ್ಗ? ಅದು ಅಲ್ಲಿಯದೇ ಮಾಲು. ಮೂರನೇ ದ್ವೀಪ ಸೇಂಟ್ ಕ್ರಾಯ್‌ನಲ್ಲಿ ಕ್ರೂಜಾನ್ ರಮ್ ತಯಾರಾಗತ್ತೆ, 1760ರಿಂದ ಅಂತ ಬಾಟಲಿ ಮೇಲೆ ಹೆಮ್ಮೆಯಿಂದ ಬರ್ಕೊಂಡಿರ್ತಾರೆ. ಕ್ಯಾಪ್ಟನ್ ಮಾರ್ಗನ್ ತಯಾರಿಸೋ ಡಿಯಾಜಿಯೊ ಕಂಪನಿಯ ಡಿಸ್ಟಿಲರಿಯೂ ಅಲ್ಲೇ. ಹೌದು, ನಮ್ಮ ಬೆಂಗಳೂರಿನ ಯುನೈಟೆಡ್ ಸ್ಪಿರಿಟ್ಸ್ ಈಗ ಯಾರ ಹಿಡಿತದಲ್ಲಿದೆಯೋ ಅದೇ ಡಿಯಾಜಿಯೊ. ಜೊತೆಗೆ ಈ ದ್ವೀಪಗಳು ಅಮೆರಿಕದ ಭಾಗವಾದರೂ ಅಮೆರಿಕದ ಸುಂಕದ ಗಡಿಯ ಹೊರಗಿವೆ. 1917ರಲ್ಲಿ ಡೆನ್ಮಾರ್ಕ್‌ನಿಂದ 2.5 ಕೋಟಿ ಡಾಲರ್ ಕೊಟ್ಟು ಅಮೆರಿಕ ಇವುಗಳನ್ನ ಕೊಂಡುಕೊಂಡಿತು. ಡ್ಯೂಟಿ ಫ್ರೀ ವ್ಯಾಪಾರದ ಪದ್ಧತಿ ಡೇನ್ ಜನರ ಕಾಲದಿಂದಲೂ ಇದೆ. ಬೆಂಗಳೂರಿಂದ ಗೋವಾಕ್ಕೆ ಹೋದವನು ಬಾಟಲಿ ಬೆಲೆ ನೋಡಿ ಮುಖ ಅರಳಿಸ್ತಾನಲ್ಲ, ಇದು ಅದರ ದೊಡ್ಡಣ್ಣ.

ಸರಿ, ಈಗ ಗುಂಪಿನ ವಿಷಯಕ್ಕೆ ಬರೋಣ. ಹೊರಡೋಕೆ ಎರಡು ವಾರ ಮುಂಚೆ ವಾಟ್ಸ್ಯಾಪ್ ಗ್ರೂಪಲ್ಲಿ ಯಾರೋ ಬರೆದರು: "ದಿನಸಿ, ಡ್ರಿಂಕ್ಸ್, ಪೆಟ್ರೋಲ್ ಎಲ್ಲಾ ಒಂದೇ ಪೂಲ್, ಕೊನೆಗೆ ಒಂಬತ್ತು ಭಾಗ." ಎಂಟು ಜನ ಹೆಬ್ಬೆರಳು ಎತ್ತಿದರು. ಹಾಸನದ ಹುಡುಗ ಏನೂ ಬರೀಲಿಲ್ಲ. ಎರಡು ದಿನ ಬಿಟ್ಟು ನನಗೆ ಫೋನ್ ಮಾಡಿ, "ಅಣ್ಣಾ, ನನ್ನ ಟಿಕೆಟ್ ಕ್ಯಾನ್ಸಲ್ ಮಾಡಿದ್ರೆ ಎಷ್ಟು ವಾಪಸ್ ಬರತ್ತೆ?" ಅಂದ. ಕಾರಣ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಸ್ಟೂಡೆಂಟ್ ವೀಸಾದಲ್ಲಿ ಇರೋರು ತರಗತಿ ನಡೆಯೋ ದಿನಗಳಲ್ಲಿ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆ ಮಾತ್ರ ಕೆಲಸ ಮಾಡಬಹುದು. ಆ ಸಂಬಳದಲ್ಲಿ ತಾನು ಮುಟ್ಟದ ಹೆಂಡಕ್ಕೆ ದುಡ್ಡು ಕೊಡಬೇಕು, ಕೊಡಲ್ಲ ಅಂದ್ರೆ ಜಿಪುಣ ಅನ್ನಿಸಿಕೊಳ್ಳಬೇಕು. ಜೊತೆಗೆ ಕುಡಿಯದವನು ಅಂತ ರಾತ್ರಿ ಡ್ರೈವಿಂಗೂ ಅವನ ತಲೆಗೇ ಕಟ್ಟುತ್ತಾರೆ, ಅದು ಅವನಿಗೆ ಮೊದಲೇ ಗೊತ್ತಿತ್ತು.

ಒಂದು ಲೆಕ್ಕ ನೋಡಿ. ಒಟ್ಟು ಬಿಲ್ 900 ಡಾಲರ್ ಅಂದುಕೊಳ್ಳಿ. ಅದರಲ್ಲಿ ಕುಡಿತದ್ದು 360. ಎಲ್ಲಾ ಸೇರಿಸಿ ಒಂಬತ್ತು ಭಾಗ ಮಾಡಿದರೆ ತಲಾ 100. ಬೇರೆ ಮಾಡಿದರೆ ಊಟದ್ದು ತಲಾ 60, ಕುಡಿಯೋ ನಾಲ್ಕು ಜನಕ್ಕೆ ಮಾತ್ರ ಇನ್ನೂ 90. ಅಂದ್ರೆ ಅವನು 60 ಕೊಡ್ತಾನೆ, ನಾನು 150 ಕೊಡ್ತೀನಿ. "ಸಮಪಾಲು" ಅನ್ನೋ ಒಳ್ಳೆ ಮಾತಿನ ಅಡಿಯಲ್ಲಿ ಅವನ ಜೇಬಿಂದ 40 ಡಾಲರ್ ನನ್ನ ಗ್ಲಾಸಿಗೆ ಬರತ್ತೆ. ಇದನ್ನ ಗ್ರೂಪಲ್ಲಿ ಹಾಕಿದವನು ನಾನೇ. ಕುಡಿಯದವರು ಈ ಮಾತೆತ್ತಿದರೆ ಕೊಂಕು ಅನ್ನಿಸತ್ತೆ, ಕುಡಿಯೋನು ಎತ್ತಿದರೆ ಯಾರೂ ಏನೂ ಅನ್ನಲ್ಲ. ಇದು ಹೀಗಿರಬಾರದು, ಆದ್ರೆ ಹೀಗೇ ಇದೆ.

ಸ್ಪ್ಲಿಟ್‌ವೈಸ್ ಆ್ಯಪಲ್ಲಿ ಎರಡು ಗ್ರೂಪ್ ಮಾಡಿಕೊಂಡ್ವಿ, ಒಂದು ಊಟ, ಒಂದು ಹೆಂಡ. ಇಲ್ಲಿ ಒಂದು ಸೂಕ್ಷ್ಮ ಇದೆ, ಗಮನಿಸಿ. ಬಾಟಲಿ ಅಗ್ಗ ನಿಜ, ಆದ್ರೆ ಅದಕ್ಕೆ ಬೆರೆಸೋದು ಅಗ್ಗವಲ್ಲ. ಆ ಕಡೆಯ ಪ್ರಸಿದ್ಧ ಕಾಕ್‌ಟೇಲ್ ಪೇನ್‌ಕಿಲ್ಲರ್. ರಮ್ ಜೊತೆ ಅನಾನಸ್ ಜ್ಯೂಸ್, ಕಿತ್ತಳೆ ಜ್ಯೂಸ್, ತೆಂಗಿನ ಕ್ರೀಮ್, ಮೇಲೆ ಒಂದು ಚೂರು ಜಾಯಿಕಾಯಿ ಪುಡಿ. ರಮ್ ಬಿಟ್ಟು ಮಿಕ್ಕಿದ್ದೆಲ್ಲಾ ಹಡಗಲ್ಲಿ ಬಂದ ಮಾಲು. ಸೋಡಾ, ಟಾನಿಕ್, ನಿಂಬೆಹಣ್ಣು, ದಿನಾ ಎರಡು ಚೀಲ ಐಸ್. ಒಂದು ಸಂಜೆಯ ಜ್ಯೂಸಿನ ಖರ್ಚು ಬಾಟಲಿ ಖರ್ಚನ್ನ ದಾಟಿ ಹೋಗತ್ತೆ. ಇದನ್ನ ನೀವು "ದಿನಸಿ" ಅಂತ ಊಟದ ಲೆಕ್ಕಕ್ಕೆ ಹಾಕಿದರೆ ಬೇರೆ ಲೆಕ್ಕ ಮಾಡಿಯೂ ಪ್ರಯೋಜನ ಇಲ್ಲ. ಮಿಕ್ಸರ್, ಐಸ್, ನಂಜಿಕೊಳ್ಳೋಕೆ ತಂದ ಚಿಪ್ಸು, ಎಲ್ಲಾ ಹೆಂಡದ ಖಾತೆಗೇ ಹಾಕಿದ್ವಿ. ಕುಡಿಯದವರು ಚಿಪ್ಸ್ ತಿಂದ್ರೆ ತಿನ್ನಲಿ ಬಿಡಿ.

ಕಾರಿನದು ಬೇರೆ ಖಾತೆ. ಅಲ್ಲಿ ನಮ್ಮ ಹಾಗೇ ರಸ್ತೆಯ ಎಡಗಡೆ ಓಡಿಸಬೇಕು, ಆದ್ರೆ ಕಾರುಗಳು ಅಮೆರಿಕದವು, ಸ್ಟೀರಿಂಗೂ ಎಡಗಡೆಯೇ. ಕತ್ತಲಲ್ಲಿ, ಆಗುಂಬೆ ಘಾಟಿಯಂಥ ತಿರುವುಗಳಲ್ಲಿ ಇದು ಆಟದ ಮಾತಲ್ಲ. ರಾತ್ರಿ ಓಡಿಸಿದವರಿಗೆ ಕಾರಿನ ಬಾಡಿಗೆ, ಪೆಟ್ರೋಲಲ್ಲಿ ಪಾಲಿಲ್ಲ ಅಂತ ತೀರ್ಮಾನ ಮಾಡಿದ್ವಿ. ಹಾಸನದ ಹುಡುಗ ಬಂದ. ಮೂರು ರಾತ್ರಿ ಅವನೇ ಓಡಿಸಿದ.

ಮಾಂಸಾಹಾರ, ಸಸ್ಯಾಹಾರ ಅಂತ ಒಡೆಯೋಕೆ ಹೋಗಲಿಲ್ಲ. ಒಬ್ಬಳು ಕೇಳಿದಳು, ಚಿಕನ್ ಯಾಕೆ ಬೇರೆ ಮಾಡಲ್ಲ ಅಂತ. ನ್ಯಾಯವಾದ ಪ್ರಶ್ನೆಯೇ. ಆದ್ರೆ ಆ ದ್ವೀಪದಲ್ಲಿ ಪನೀರ್, ಬಾದಾಮಿ ಹಾಲು, ತಾಜಾ ತರಕಾರಿ ಚಿಕನ್‌ಗಿಂತ ಏನೂ ಕಡಿಮೆ ಬೀಳಲ್ಲ. ಅಷ್ಟಕ್ಕೂ ಮೊಟ್ಟೆ ಲೆಕ್ಕ, ಈರುಳ್ಳಿ ಲೆಕ್ಕ ಅಂತ ಕೂತರೆ ಅದು ರಜೆಯಲ್ಲ, ಆಡಿಟ್ಟು.

ಈಗ ಏನು ತಗೊಂಡು ಹೋಗಬೇಕು, ಏನು ಅಲ್ಲೇ ಕೊಳ್ಳಬೇಕು. ಒಣ ಸಾಮಾನು ಮನೆಯಿಂದಲೇ. ನಮ್ಮ ಒಂದು ಚೆಕ್-ಇನ್ ಬ್ಯಾಗ್ ಪೂರ್ತಿ ಅದಕ್ಕೇ ಮೀಸಲು, 23 ಕಿಲೋ ಒಳಗೆ. ಸೋನಾಮಸೂರಿ 5 ಕಿಲೋ, ತೊಗರಿಬೇಳೆ 2 ಕಿಲೋ, ಅವಲಕ್ಕಿ, ರವೆ, ಸಾರಿನ ಪುಡಿ, ಪುಳಿಯೋಗರೆ ಗೊಜ್ಜು, ಉಪ್ಪಿನಕಾಯಿ, ಕಾಫಿಪುಡಿ. ಬಾಡಿಗೆ ಮನೆಯಲ್ಲಿ ಕುಕ್ಕರ್ ಇರಲ್ಲ ಅಂತಿಟ್ಟುಕೊಳ್ಳಿ, ಒಂದು ಪುಟ್ಟ ಕುಕ್ಕರೂ ಬ್ಯಾಗಲ್ಲಿರಲಿ. ಒಗ್ಗರಣೆ ಸಾಮಾನು ಒಂದು ಡಬ್ಬಿ. ಅಷ್ಟಿದ್ದರೆ ಬೆಳಿಗ್ಗೆ ಉಪ್ಪಿಟ್ಟು, ರಾತ್ರಿ ಅನ್ನ-ಸಾರು ಆಯ್ತು, ಹೊರಗೆ ಊಟ ಮಧ್ಯಾಹ್ನ ಒಂದು ಹೊತ್ತು ಮಾತ್ರ.

ಭಾರದ ಸಾಮಾನು, ಅಂದ್ರೆ ನೀರು, ಹಾಲು, ಬಿಯರ್, ಸೇಂಟ್ ಥಾಮಸ್‌ನಲ್ಲೇ ಕೊಂಡು ಕಾರಿಗೆ ತುಂಬಿ ಬಾರ್ಜ್ ಹತ್ತಿಸೋದು ಒಳ್ಳೇದು. ಕಾಸ್ಟ್-ಯು-ಲೆಸ್ ಥರದ ದೊಡ್ಡ ಗೋದಾಮಿನಂಥ ಅಂಗಡಿಗಳಿವೆ. ಕಾರಿಲ್ಲದೆ ಪ್ಯಾಸೆಂಜರ್ ಫೆರ್ರಿಯಲ್ಲಿ ಹೋದರೆ ಲಗೇಜಿಗೆ ಪೀಸಿನ ಲೆಕ್ಕದಲ್ಲಿ ದುಡ್ಡು ಕೊಡಬೇಕು, ಕಷ್ಟಪಟ್ಟು ಉಳಿಸಿದ್ದು ಅಲ್ಲೇ ಹೋಗತ್ತೆ. ಸೇಂಟ್ ಜಾನ್ ಒಳಗೆ ಸ್ಟಾರ್‌ಫಿಶ್ ಮಾರ್ಕೆಟ್ ಅಂತ ಇದೆ, ಚೆನ್ನಾಗಿದೆ, ಸೊಪ್ಪು-ಮೊಸರು ಅಲ್ಲಿ ಎರಡು ದಿನಕ್ಕೊಮ್ಮೆ. ನೀರಿನ ವಿಷಯ: ಅಲ್ಲಿ ಮನೆಗಳ ಚಾವಣಿ ಮೇಲೆ ಬಿದ್ದ ಮಳೆನೀರೇ ನೆಲದಡಿಯ ತೊಟ್ಟಿಗೆ ಇಳಿದು ನಲ್ಲಿಗೆ ಬರೋದು. ಅದಕ್ಕೇ ಸ್ನಾನ ಚುಟುಕು, ಕುಡಿಯೋ ನೀರು ಕ್ಯಾನ್. ಬಟ್ಟೆ ಚೀಲ ಮರೀಬೇಡಿ, ಪ್ಲಾಸ್ಟಿಕ್ ಕವರ್ ಅಲ್ಲಿ ನಿಷೇಧ. ಹವಳದ ದಿಬ್ಬಗಳಿಗೆ ಹಾನಿ ಮಾಡೋ ಕೆಲವು ರಾಸಾಯನಿಕ ಇರೋ ಸನ್‌ಸ್ಕ್ರೀನೂ 2020ರಿಂದ ನಿಷೇಧ. ಮಿನರಲ್ ಅಂತ ಬರೆದಿರೋದನ್ನ ತಗೊಳ್ಳಿ.

ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ರಸ್ತೆ ಬದಿ ಮಾರೋರು. ಅಲ್ಲಿ ಸಿಕ್ಕಿದ್ದು ಪಪ್ಪಾಯ, ಮಾವು, ಹುಣಸೆಹಣ್ಣು, ಬಾಳೆ, ಮತ್ತೆ ಬ್ರೆಡ್‌ಫ್ರೂಟ್. ನಮ್ಮ ಗುಂಪಿನ ಉಡುಪಿಯವಳು ಅದನ್ನ ಕಂಡು ಅಲ್ಲೇ ಕಿರುಚಿದಳು, "ಇದು ಜೀಗುಜ್ಜೆ ಮಾರಾಯ್ರೆ!" ಅಂತ. ಘಟ್ಟದ ಮೇಲಿನವರಿಗೆ ದೀವಿಹಲಸು ಅಂದ್ರೆ ಗೊತ್ತಾಗಬಹುದು. ಅವತ್ತು ರಾತ್ರಿ ಜೀಗುಜ್ಜೆ ಪೋಡಿ ಆಯ್ತು. ಆ ಕಾಯಿ ಕೆರಿಬಿಯನ್‌ಗೆ ಬಂದ ಕಥೆ ಮಾತ್ರ ಅಷ್ಟು ರುಚಿಯಾದದ್ದಲ್ಲ. ಕಬ್ಬಿನ ತೋಟದ ಗುಲಾಮರಿಗೆ ಅಗ್ಗದ ಊಟ ಆಗಲಿ ಅಂತ 1793ರಲ್ಲಿ ವಿಲಿಯಂ ಬ್ಲೈ ಅನ್ನೋ ಬ್ರಿಟಿಷ್ ಕ್ಯಾಪ್ಟನ್ ಟಹೀಟಿಯಿಂದ ಸೇಂಟ್ ವಿನ್ಸೆಂಟ್, ಜಮೈಕಾಗಳಿಗೆ ಅದರ ಸಸಿಗಳನ್ನ ತಂದಿದ್ದ. ನಾವು ಅಗ್ಗ ಅಂತ ಬುಟ್ಟಿಗೆ ಹಾಕಿಕೊಂಡ ರಮ್ ಕೂಡ ಅದೇ ಕಬ್ಬಿನ ಕಾಕಂಬಿಯಿಂದ ಹುಟ್ಟಿದ್ದು. ಸೇಂಟ್ ಜಾನ್‌ನ ಆನಬರ್ಗ್‌ನಲ್ಲಿ ಹಳೇ ಸಕ್ಕರೆ ಕಾರ್ಖಾನೆಯ ಅವಶೇಷ ಇದೆ, ಹೋಗಿ ನೋಡಿ. 1733ರಲ್ಲಿ ಈ ಪುಟ್ಟ ದ್ವೀಪದಲ್ಲಿ ಗುಲಾಮರು ದಂಗೆಯೆದ್ದು ತಿಂಗಳುಗಟ್ಟಲೆ ದ್ವೀಪದ ಬಹುಭಾಗವನ್ನ ಹಿಡಿದಿಟ್ಟಿದ್ದರು. ಬಿಡುಗಡೆ ಸಿಕ್ಕಿದ್ದು 1848ರ ಜುಲೈ 3ಕ್ಕೆ.

ಅಲ್ಲಿಯ ಜನರ ಊಟ ಒಂದು ಹೇಳಲೇಬೇಕು. ಫೂಂಜಿ ಅಂತಾರೆ. ಜೋಳದ ಹಿಟ್ಟು, ಅಂದ್ರೆ ಮೆಕ್ಕೆಜೋಳದ್ದು, ಬೆಂಡೆಕಾಯಿ ಹಾಕಿ ತೊಳಸಿ ಉಂಡೆ ಕಟ್ಟೋದು, ಮೀನಿನ ಸಾರಿನ ಜೊತೆ ತಿನ್ನೋದು. ಹಾಸನದವನಿಗೆ ವಿವರಣೆಯೇ ಬೇಕಾಗಲಿಲ್ಲ. ಕೈಯಲ್ಲಿ ಮುರಿದು ಅದ್ದಿ ನುಂಗಿದ, ಬಡಿಸಿದ ಅಮ್ಮ ಅವನನ್ನ ನೋಡಿ ನಕ್ಕು ಇನ್ನೊಂದು ಉಂಡೆ ಹಾಕಿದರು.

ಹೆಂಡ ಎಷ್ಟು ಕೊಳ್ಳಬೇಕು ಅಂತ ಕೇಳ್ತೀರಿ. ದಿನ ಬಿಟ್ಟು ದಿನ ಕೊಳ್ಳಿ. ಅಗ್ಗ ಅಂತ ಮೊದಲ ದಿನವೇ ಪೆಟ್ಟಿಗೆ ಎತ್ತಿದರೆ ಮನೇಲಿ ಇದೆ ಅನ್ನೋ ಒಂದೇ ಕಾರಣಕ್ಕೆ ಕುಡಿಯೋಕೆ ಶುರುವಾಗತ್ತೆ. ಅಲ್ಲಿ ಕುಡಿಯೋ ವಯಸ್ಸು 18, ಆದ್ರೆ ಮುಖ್ಯಭೂಮಿಗೆ ಬಾಟಲಿ ತರೋಕೆ 21 ಆಗಿರಬೇಕು. ಇನ್ನೊಂದು, ಬಾಟಲಿ ಸಾಲಿನ ಫೋಟೋ ಸ್ಟೇಟಸ್ಸಿಗೆ ಹಾಕೋ ಮುಂಚೆ ಪಕ್ಕದಲ್ಲಿ ಕೂತಿರೋರನ್ನ ಕೇಳಿ. ನಮ್ಮ ನಾಲ್ಕು ಜನರಲ್ಲಿ ಇಬ್ಬರು ಹುಡುಗಿಯರು. ಅವರ ಮನೆಯವರಿಗೆ ಏನು ಗೊತ್ತಿರಬೇಕು ಅನ್ನೋದು ಅವರ ತೀರ್ಮಾನ.

ವಾಪಸ್ ಬರುವಾಗ ಸೇಂಟ್ ಥಾಮಸ್ ವಿಮಾನ ನಿಲ್ದಾಣದಲ್ಲೇ ಕಸ್ಟಮ್ಸ್ ತಪಾಸಣೆ. ಒಳನಾಡಿನ ಪ್ರಯಾಣ ತಾನೇ ಅಂತ ಪಾಸ್‌ಪೋರ್ಟ್ ಮನೇಲಿ ಬಿಟ್ಟು ಹೋಗಬೇಡಿ, ನಮ್ಮಂಥ ವೀಸಾದವರನ್ನ ಕೇಳೇ ಕೇಳ್ತಾರೆ. ಅಮೆರಿಕದಲ್ಲಿ ನೆಲೆಸಿದವರಿಗೆ ತಲಾ 1,600 ಡಾಲರ್‌ವರೆಗಿನ ಸಾಮಾನಿಗೆ ಸುಂಕ ಇಲ್ಲ. ಮಾವಿನಹಣ್ಣು ಬ್ಯಾಗಲ್ಲಿ ಇಟ್ಕೋಬೇಡಿ, ಕಿತ್ತುಕೊಳ್ತಾರೆ. ಬಾಟಲಿಗಳು ಚೆಕ್-ಇನ್ ಬ್ಯಾಗಿಗೆ, ಸೀಲ್ ಒಡೆಯದೆ, ಒದ್ದೆ ಟವೆಲ್ ಅಲ್ಲ, ಒಣ ಬಟ್ಟೆ ಸುತ್ತಿ. ಕ್ರೂಜಾನ್‌ನ 151 ಅನ್ನೋ ಬಾಟಲಿ ಮಾತ್ರ ಕೊಳ್ಳಬೇಡಿ. ಅದರಲ್ಲಿ ಆಲ್ಕೋಹಾಲ್ ಶೇಕಡಾ 75ಕ್ಕೂ ಹೆಚ್ಚು. ಶೇಕಡಾ 70 ದಾಟಿದ್ದನ್ನ ವಿಮಾನದಲ್ಲಿ ಕೈಚೀಲದಲ್ಲೂ ಬಿಡಲ್ಲ, ಚೆಕ್-ಇನ್‌ನಲ್ಲೂ ಬಿಡಲ್ಲ. ನಮ್ಮ ಮುಂದೆ ಸಾಲಲ್ಲಿ ನಿಂತಿದ್ದ ಒಬ್ಬರು ಎರಡು ಬಾಟಲಿ ಅಲ್ಲೇ ಕಸದ ಡಬ್ಬಿ ಪಕ್ಕ ಇಟ್ಟು, ಒಂದು ಸಲ ತಿರುಗಿ ನೋಡಿ ಹೋದರು.