ಲೆಕ್ಕಪತ್ರದ ಹಿಂದಿನ ನಂಬಿಕೆ



ಯಶವಂತಪುರದಿಂದ ಮೆಜೆಸ್ಟಿಕ್ ಕಡೆಗೆ ಮೆಟ್ರೊ ಹತ್ತಿದರೆ ಮೊದಲು ಸಿಗುವ ನಿಲ್ದಾಣಕ್ಕೆ ಗಂಧದ ಸಾಬೂನಿನ ಕಾರ್ಖಾನೆಯದೇ ಹೆಸರು. ಮೊದಲ ಮಹಾಯುದ್ಧದ ಕಾಲದಲ್ಲಿ ಯುರೋಪಿಗೆ ಗಂಧದ ರಫ್ತು ನಿಂತಾಗ ಮೈಸೂರು ಸಂಸ್ಥಾನವೇ ಕೈಹಾಕಿದ ಉದ್ಯಮವಿದು. ಕೈಗಾರಿಕೆ ಬೆಳೆಸುವುದು ಸರ್ಕಾರದ ಹೊಣೆ ಎಂದು ದಿವಾನ ವಿಶ್ವೇಶ್ವರಯ್ಯ ನಂಬಿದ್ದರು. 1980ರಲ್ಲಿ ಕಾರ್ಖಾನೆ ಕಂಪನಿಯಾಯಿತು. ಒಡೆತನ ಸರ್ಕಾರದಲ್ಲೇ ಉಳಿಯಿತು. ಹೀಗಾಗಿ ಅದರ ಲೆಕ್ಕ ಮಹಾಲೇಖಪಾಲರ ಪರಿಶೀಲನೆಗೆ ಒಳಪಡುತ್ತದೆ, ವಾರ್ಷಿಕ ವರದಿ ವಿಧಾನಮಂಡಲದ ಮುಂದೆ ಬರಬೇಕಾಗುತ್ತದೆ. ಹಣ ಯಾರದು ಎಂಬ ರಾಜಕೀಯ ಪ್ರಶ್ನೆಯ ಉತ್ತರವೇ, ಲೆಕ್ಕವನ್ನು ಯಾರಿಗೆ ಒಪ್ಪಿಸಬೇಕು ಎಂಬುದನ್ನೂ ನಿರ್ಧರಿಸಿತು.

ಖಾಸಗಿ ಕಂಪನಿಯಲ್ಲಿ ಈ ಉತ್ತರ ಅಷ್ಟು ಸುಲಭವಲ್ಲ. ಕಾನೂನು ಕನಿಷ್ಠವನ್ನಷ್ಟೇ ಹೇಳುತ್ತದೆ. ಅದಕ್ಕಿಂತ ಹೆಚ್ಚು ಎಷ್ಟು ತಿಳಿಸಬೇಕು ಎಂಬಲ್ಲಿ ಮುಖ್ಯಸ್ಥರ ನಂಬಿಕೆ ಕೆಲಸ ಮಾಡುತ್ತದೆ.

ಇನ್ಫೊಸಿಸ್‌ನ ಎನ್.ಆರ್. ನಾರಾಯಣ ಮೂರ್ತಿಯವರನ್ನು ನೋಡಿ. ಯೌವನದಲ್ಲಿ ಅವರು ಎಡಪಂಥದತ್ತ ವಾಲಿದ್ದವರು. 1974ರಲ್ಲಿ ಪೂರ್ವ ಯುರೋಪಿನ ಕಮ್ಯುನಿಸ್ಟ್ ನಾಡಿನ ರೈಲಿನಲ್ಲಿ ಪೊಲೀಸರು ಹಿಡಿದು ಸುಮಾರು ಮೂರು ದಿನ ಕೂಡಿಹಾಕಿದರು. ಸಂಪತ್ತು ಸೃಷ್ಟಿಯಾಗದೆ ಬಡತನ ನೀಗದು ಎಂಬ ನಿಲುವಿಗೆ ತಾವು ಬಂದದ್ದು ಆ ಅನುಭವದಿಂದ ಎಂದು ಅವರೇ ಹೇಳಿದ್ದಾರೆ. ಬಂಡವಾಳಶಾಹಿಗೆ ಜನರ ವಿಶ್ವಾಸ ಬೇಕಾದರೆ ಲೆಕ್ಕ ತೆರೆದಿರಬೇಕು. ಸಂದೇಹವಿದ್ದಾಗ ತಿಳಿಸಿಬಿಡಬೇಕು ಎಂಬುದು ಸಂಸ್ಥೆಯ ಸೂತ್ರವಾಯಿತು. 1990ರ ದಶಕದಲ್ಲೇ ಅದು ಅಮೆರಿಕದ ಪದ್ಧತಿಯಲ್ಲೂ ಲೆಕ್ಕ ಪ್ರಕಟಿಸಿತು. 1999ರಲ್ಲಿ ನಾಸ್ಡಾಕ್ ಪ್ರವೇಶಿಸಿತು.

ಆದರೆ ನಂಬಿಕೆಗೂ ಮಿತಿಯುಂಟು. 2017ರಲ್ಲಿ ಪನಾಯಾ ಕಂಪನಿಯ ಖರೀದಿಯ ಬಗ್ಗೆ ನಡೆದ ತನಿಖೆಯ ವರದಿಯನ್ನು ಪೂರ್ಣವಾಗಿ ಪ್ರಕಟಿಸಿ ಎಂದು ಮೂರ್ತಿಯವರೇ ಒತ್ತಾಯಿಸಿದರು. ನಂದನ್ ನಿಲೇಕಣಿ ಅಧ್ಯಕ್ಷರಾದ ಮೇಲೂ ಆಡಳಿತ ಮಂಡಳಿ, ಅಕ್ರಮ ನಡೆದಿಲ್ಲ ಎಂದು ಹೇಳಿತೇ ಹೊರತು, ಗೋಪ್ಯತೆಯ ಕಾರಣಕ್ಕೆ ವರದಿಯನ್ನು ಹೊರಗಿಡಲಿಲ್ಲ.

ಅಮೆರಿಕದಲ್ಲಿ ವ್ಯಕ್ತಿಗಳು ಪಕ್ಷಗಳಿಗೆ ಕೊಡುವ ದೇಣಿಗೆಯ ವಿವರ ಬಹಿರಂಗ. ಅದರಿಂದ ಅಧಿಕಾರಿಗಳ ಒಲವನ್ನು ಗುರುತಿಸುವ ಸಂಶೋಧಕರು, ರಿಪಬ್ಲಿಕನ್ ಒಲವಿನವರ ಕಂಪನಿಗಳಲ್ಲಿ ಸಾಲ ಕಡಿಮೆ ಎಂದು 2014ರಲ್ಲಿ ತೋರಿಸಿದರು. ಒಲವು ಎದೆಯಲ್ಲೇ ಉಳಿಯುವುದಿಲ್ಲ, ಲೆಕ್ಕಕ್ಕೂ ಇಳಿಯುತ್ತದೆ.

ಭಾರತದಲ್ಲಿ ಯಾವ ಪಕ್ಷಕ್ಕೆ ಎಷ್ಟು ಕೊಟ್ಟೆವೆಂದು ಕಂಪನಿಗಳು ಲೆಕ್ಕದಲ್ಲಿ ಹೇಳಬೇಕೆಂದು 2013ರ ಕಂಪನಿ ಕಾಯ್ದೆ ವಿಧಿಸಿತ್ತು. 2017ರ ತಿದ್ದುಪಡಿ ಪಕ್ಷದ ಹೆಸರು ಹೇಳುವ ಹೊಣೆಯನ್ನು ತೆಗೆದುಹಾಕಿತು, ದೇಣಿಗೆಯ ಮಿತಿಯನ್ನೂ ತೆಗೆಯಿತು. ಚುನಾವಣಾ ಬಾಂಡ್ ಬಂದದ್ದು ಇದರ ಜೊತೆಗೇ. 2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟ್ ಇವೆಲ್ಲವನ್ನೂ ಅಸಾಂವಿಧಾನಿಕವೆಂದು ರದ್ದು ಮಾಡಿತು. ಆ ಏಳು ವರ್ಷ ತನ್ನ ಹಣ ಯಾವ ಪಕ್ಷಕ್ಕೆ ಹೋಯಿತೆಂದು ಕಂಪನಿಯ ಲೆಕ್ಕದಿಂದ ತಿಳಿಯುವ ಖಾತ್ರಿ ಷೇರುದಾರನಿಗೆ ಇರಲಿಲ್ಲ.

ಮುಖ್ಯಸ್ಥರು ಯಾವ ಪಂಥದವರಾದರೂ ಆಗಲಿ, ಅದು ಅವರ ಹಕ್ಕು. ಆದರೆ ನಿವೃತ್ತಿಯ ಉಳಿತಾಯವನ್ನು ಷೇರಿನಲ್ಲಿ ತೊಡಗಿಸಿದವರು ವಾರ್ಷಿಕ ವರದಿಯಲ್ಲಿ ಲಾಭದ ಅಂಕಿಯನ್ನಷ್ಟೇ ನೋಡಿ ಮಡಚಿಡಬಾರದು. ರಾಜಕೀಯ ದೇಣಿಗೆಯ ಸಾಲನ್ನೂ ಹುಡುಕಬೇಕು; ಕಾಣದಿದ್ದರೆ ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಕೇಳಬೇಕು.