ಸವಡಿಯ ದಾರಿಗಳೂ ನಮ್ಮಣ್ಣನ ಸೈಕಲ್ಲೂ



ಸೊಲ್ಲಾಪುರದ ಕನ್ನಡ ಸಂಘದ ವಾರ್ಷಿಕೋತ್ಸವದ ವೇದಿಕೆಯ ಮೇಲೆ ನಿಂತು ಕವಿಗಳನ್ನೂ ಏಕೀಕರಣದ ಧುರೀಣರನ್ನೂ ಸ್ಮರಿಸುವುದು ನಮ್ಮಲ್ಲಿ ನಡೆದುಬಂದ ಸಂಪ್ರದಾಯ. ನನ್ನ ತವರಾದ ರೋಣದ ಸೀಮೆಯವರೇ ಆದ ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರ ಹೆಸರನ್ನು ಎತ್ತಿದ್ದರೆ ಅದು ಈ ಸಭೆಗೆ ಸರ್ವಥಾ ಉಚಿತವೆನಿಸುತ್ತಿತ್ತು. ಆದರೆ ಕಳೆದ ಮಾಘಮಾಸದಲ್ಲಿ ನನ್ನ ಒಡಹುಟ್ಟಿದ ಅಣ್ಣನು ತೀರಿಕೊಂಡನು. ರೋಣದ ಸೀಮೆಯ ಸವಡಿಯಲ್ಲಿ ಒಕ್ಕಲುತನ ಮಾಡಿಕೊಂಡಿದ್ದು, ಯಾವ ಸಭೆಯಲ್ಲಿಯೂ ಹಾರ ಹಾಕಿಸಿಕೊಳ್ಳದೆ, ಹೊಲ ಮನೆಗಳ ಕೆಲಸದಿಂದ ಉಳಿದ ಹೊತ್ತನ್ನೆಲ್ಲ ಸೈಕಲ್ಲಿಗೆ ಮೀಸಲಿಟ್ಟ ಆ ಜೀವದ ವಿಷಯವಾಗಿ ನಾಲ್ಕು ಮಾತು ಆಡಲು ತಮ್ಮೆಲ್ಲರ ಅಪ್ಪಣೆಯನ್ನು ಬೇಡುತ್ತೇನೆ.

ಸವಡಿಯನ್ನು ನೋಡಿದವರು ನಿಮ್ಮಲ್ಲಿ ಕೆಲವರಾದರೂ ಇದ್ದೀರಿ. ಹಳೆಯ ಕಲ್ಲುಗುಡಿಗಳ ಊರು. ಸುತ್ತಲೂ ಕಣ್ಣು ಹರಿಯುವವರೆಗೆ ಎರೆಭೂಮಿ, ಹಿಂಗಾರಿನಲ್ಲಿ ಬಿಳಿಜೋಳ, ಕಡಲೆ, ಕುಸುಬೆ. ಬೇಸಿಗೆಯಲ್ಲಿ ಬಾಯಿಬಿಟ್ಟು ಬಿರಿಯುವ ಆ ನೆಲವು ಒಂದು ಹದಮಳೆ ಬಿದ್ದೊಡನೆ ಮೇಣವಾಗಿ, ಸೈಕಲ್ಲಿನ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಹೊಕ್ಕು ಗಟ್ಟಿಯಾಗಿ ಕುಳಿತಿತೆಂದರೆ, ಅಲ್ಲಿಯವರೆಗೆ ಮನುಷ್ಯನನ್ನು ಹೊತ್ತು ತಂದ ವಾಹನವನ್ನು ಅಲ್ಲಿಂದ ಮುಂದೆ ಮನುಷ್ಯನೇ ಹೊರಬೇಕಾಗುತ್ತದೆ. ನಮ್ಮಣ್ಣನು ಮಳೆಗಾಲದುದ್ದಕ್ಕೂ ಕ್ಯಾರಿಯರಿಗೆ ಒಂದು ಬಿದಿರ ಚಕ್ಕೆಯನ್ನು ಸಿಕ್ಕಿಸಿಕೊಂಡು ತಿರುಗುತ್ತಿದ್ದನು. ಹತ್ತು ಮಾರಿಗೊಮ್ಮೆ ಇಳಿದು, ಎರೆಮಣ್ಣನ್ನು ಕೆದರಿ ತೆಗೆದು, ಮತ್ತೆ ಹತ್ತುತ್ತಿದ್ದನು. ಬೇಸರಪಟ್ಟದ್ದನ್ನು ನಾನು ಕಾಣೆ. ಈ ಮಣ್ಣೇ ನಮಗೆ ಅನ್ನ ಕೊಡುವುದು, ಅದನ್ನು ಬೈಯಬಾರದೆಂಬುದು ಅವನ ನಂಬಿಕೆಯಾಗಿತ್ತು.

ಅವನು ಹುಟ್ಟಿದ್ದು 1957ರಲ್ಲಿ, ಏಕೀಕರಣದ ಮರುವರ್ಷ. 1956ರ ನವೆಂಬರ್ 1ರವರೆಗೆ ಸವಡಿಯೂ ಸೊಲ್ಲಾಪುರವೂ ಒಂದೇ ಮುಂಬಯಿ ರಾಜ್ಯದಲ್ಲಿದ್ದವು. ಆ ದಿನದಿಂದ ಸವಡಿಯು ಧಾರವಾಡ ಜಿಲ್ಲೆಯೊಡನೆ ಮೈಸೂರು ರಾಜ್ಯಕ್ಕೆ ಸೇರಿ, ಸೊಲ್ಲಾಪುರವು ಈಚೆಗೆ ಉಳಿಯಿತು. ಹೀಗೆ ಎರಡಾದ ನಾಡಿನ ಒಂದು ತುದಿಯಲ್ಲಿ ಅವನೂ, ಇಲ್ಲಿಯ ಗಿರಣಿಯಲ್ಲಿ ಕೆಲಸಕ್ಕಿದ್ದವರ ಕೈಹಿಡಿದು ಬಂದ ನಾನು ಇನ್ನೊಂದು ತುದಿಯಲ್ಲಿಯೂ ಬಾಳುವ ಯೋಗ ನಮ್ಮದಾಯಿತು.

ಆದರೆ ಅದಕ್ಕೂ ಹಿಂದಿನ ಮಾತನ್ನು ಮೊದಲು ಹೇಳಬೇಕು. ಊರಿನ ಶಾಲೆ ಮುಗಿಸಿದ ನನ್ನನ್ನು ರೋಣದ ಹೈಸ್ಕೂಲಿಗೆ ಕಳಿಸುವುದೋ ಬಿಡುವುದೋ ಎಂಬ ಚರ್ಚೆ ಮನೆಯಲ್ಲಿ ನಡೆದಾಗ, ದಾರಿ ದೂರವೆಂಬುದೊಂದೇ ಹಿರಿಯರ ಆಕ್ಷೇಪವಾಗಿತ್ತು. ನಮ್ಮಣ್ಣನು ವಾದಕ್ಕೆ ಇಳಿಯಲಿಲ್ಲ. ಸುಗ್ಗಿ ಮುಗಿದು ಬರಿದಾಗಿದ್ದ ಕಣದಲ್ಲಿ ತನ್ನ ಹರ್ಕ್ಯುಲಿಸ್ ಸೈಕಲ್ಲನ್ನು ನಿಲ್ಲಿಸಿ ನನ್ನನ್ನು ಹತ್ತಿಸಿದನು. ಸೀಟು ನನ್ನ ನಿಲುವಿಗೆ ಎತ್ತರವಾಗಿದ್ದುದರಿಂದ ನಡುವಿನ ಕಂಬಿಯ ಕೆಳಗಿಂದ ಕಾಲು ತೂರಿಸಿ ಕತ್ತರಿಗಾಲಿನಲ್ಲಿ ತುಳಿಯಲು ಕಲಿಸಿದನು. ಪರಕಾರದ ಅಂಚು ಚೈನಿಗೆ ಸಿಕ್ಕಿ ನಾನು ಬಿದ್ದ ಸಂಜೆ, ಎಣ್ಣೆಯ ಡಬ್ಬಿಯೊಂದರ ತಗಡನ್ನು ಕತ್ತರಿಸಿ, ಅಂಚುಗಳನ್ನು ಸುತ್ತಿಗೆಯಿಂದ ಬಡಿದು ಮಡಿಚಿ, ತಂತಿಯಿಂದ ಬಿಗಿದು ಚೈನಿಗೊಂದು ಕವಚವನ್ನು ಮಾಡಿದನು. “ಗಾಲಿ ನೋಡಬ್ಯಾಡ ತಂಗೀ, ದಾರಿ ನೋಡು” ಎಂದು ಸೀಟಿನ ಹಿಂದೆ ಕೈಯಿಟ್ಟು ಓಡುತ್ತಿದ್ದವನು ಯಾವಾಗ ಕೈಬಿಟ್ಟನೋ ನನಗೆ ತಿಳಿಯಲಿಲ್ಲ. ಜೂನ್ ತಿಂಗಳಲ್ಲಿ ನಾನು ರೋಣದ ಹೈಸ್ಕೂಲಿಗೆ ಹೆಸರು ಹಚ್ಚಿದೆನು. ನನ್ನ ಹಿಂದೆಯೇ ಓಣಿಯ ಇನ್ನೂ ಕೆಲವು ಹೆಣ್ಣುಮಕ್ಕಳು ಅದೇ ಕಣದಲ್ಲಿ ಅವನಿಂದ ಕಲಿತು ಹೊರಬಿದ್ದರು.

ನಮ್ಮ ಗದಗ, ಬಾಗಲಕೋಟೆ, ವಿಜಯಪುರಗಳ ಬಯಲಿನಲ್ಲಿ ಸೈಕಲ್ಲಿನ ಹುಚ್ಚು ಹೊಸದೇನೂ ಅಲ್ಲ. ಆ ನೆಲದ ಒಕ್ಕಲು ಮನೆತನಗಳ ಹುಡುಗ ಹುಡುಗಿಯರು ಇಂದು ರಾಷ್ಟ್ರೀಯ ಸ್ಪರ್ಧೆಗಳಲ್ಲಿ ಪದಕ ಗೆಲ್ಲುತ್ತಿದ್ದಾರೆ. ನಮ್ಮಣ್ಣನು ಅವರ ಪಂಕ್ತಿಯವನಲ್ಲ, ಕೇವಲ ಹವ್ಯಾಸಿ. ಬನದ ಹುಣ್ಣಿಮೆಗೆ ಊರೆಲ್ಲ ಚಕ್ಕಡಿ ಕಟ್ಟಿಕೊಂಡು ಬಾದಾಮಿಯ ಬನಶಂಕರಿಯ ಜಾತ್ರೆಗೆ ಹೊರಟರೆ ಇವನು ಸೈಕಲ್ಲಿನ ಮೇಲೆ ಹೊರಡುತ್ತಿದ್ದನು; ಸೂಡಿಯ ನಾಗಕುಂಡವನ್ನೂ ಗಜೇಂದ್ರಗಡದ ಕಾಲಕಾಲೇಶ್ವರನನ್ನೂ ಎಷ್ಟು ಸಲ ಕಂಡು ಬಂದನೋ ಲೆಕ್ಕವಿಲ್ಲ. ಆಷಾಢದ ಪಡುವಣ ಗಾಳಿ ಎದೆಗೆ ಅಪ್ಪಳಿಸುವ ದಿನಗಳಲ್ಲಿ ಓಣಿಯ ಹುಡುಗರನ್ನು ಕಟ್ಟಿಕೊಂಡು ಹೋಗುವಾಗ ತಾನು ಎಲ್ಲರಿಗಿಂತ ಮುಂದಿರುತ್ತಿದ್ದನು. ಮುಂದಿನವನು ಗಾಳಿಯನ್ನು ಸೀಳಿದರೆ ಅವನ ಬೆನ್ನಿಗೆ ಅಂಟಿಕೊಂಡು ಬರುವವನಿಗೆ ಶ್ರಮವು ಬಹುಮಟ್ಟಿಗೆ ತಗ್ಗುತ್ತದೆಂಬುದನ್ನು ಜಗತ್ತಿನ ದೊಡ್ಡ ದೊಡ್ಡ ಪಂದ್ಯಗಳ ಸವಾರರು ಬಲ್ಲರು. ಅವರು ಮುಂದಿನ ಜಾಗವನ್ನು ಸರದಿಯಂತೆ ಹಂಚಿಕೊಳ್ಳುತ್ತಾರೆ. ನಮ್ಮಣ್ಣನು ಆ ಜಾಗವನ್ನು ಹುಡುಗರಾರಿಗೂ ಕೊಟ್ಟವನಲ್ಲ.

ಉತ್ತರ ಕರ್ನಾಟಕದ ಹೆಣ್ಣುಮಕ್ಕಳಿಗೆ ಪಂಚಮಿಯೆಂದರೆ ಏನೆಂಬುದನ್ನು ಈ ಸಭೆಯಲ್ಲಿ ವಿವರಿಸಬೇಕಾಗಿಲ್ಲ. ಶ್ರಾವಣ ಬಂದಿತೆಂದರೆ ಅಣ್ಣನು ಕರೆಯಲು ಬರುವನೆಂದು ಬಾಗಿಲಿಗೆ ಕಣ್ಣು ನೆಟ್ಟು ಕೂಡುವವರು ನಾವು. ನನ್ನ ಮದುವೆಯಾದ ಮೊದಲ ವರ್ಷ ಅವನು ಬಂದುದು ಸೈಕಲ್ಲಿನ ಮೇಲೆ. ಚೊಳಚಗುಡ್ಡದ ಹತ್ತಿರ ಮಲಪ್ರಭೆ, ಅನಗವಾಡಿಯಲ್ಲಿ ಘಟಪ್ರಭೆ, ಕೊಲ್ಹಾರದಲ್ಲಿ ಕೃಷ್ಣೆ. ವಿಜಯಪುರದಲ್ಲಿ ಬೀಗರ ಮನೆಯಲ್ಲಿ ರಾತ್ರಿ ಕಳೆದು, ಬೆಳಗಾಗುವ ಮುನ್ನ ಹೊರಟು ಧೂಳಖೇಡದಲ್ಲಿ ಭೀಮೆ. ಹೀಗೆ ನಾಲ್ಕು ಹೊಳೆಗಳನ್ನು ದಾಟಿ ನಮ್ಮ ಚಾಳಿನ ಮುಂದೆ ಬಂದು ಬೆಲ್ಲು ಬಾರಿಸಿದಾಗ, ಅವನ ಧೋತರವು ಮೊಣಕಾಲಿನವರೆಗೆ ಕೆಸರಾಗಿತ್ತು. ಆದರೆ ಕ್ಯಾರಿಯರಿಗೆ ಕಟ್ಟಿದ್ದ ಡಬ್ಬಿಯೊಳಗಿನ ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿಟ್ಟುಗಳಿಗೆ ಒಂದು ಹನಿಯೂ ತಾಗಿರಲಿಲ್ಲ. ಮರಳುವಾಗ ಸೈಕಲ್ಲನ್ನು ಲಗೇಜಿಗೆ ಹಾಕಿ ಗದಗದ ಮೀಟರ್‌ಗೇಜ್ ಗಾಡಿಯಲ್ಲಿ ನಾವಿಬ್ಬರೂ ಹೊಳೆಆಲೂರಿಗೆ ಹೋಗಿ ಇಳಿದೆವು. ರೈಲಿದ್ದರೂ ಬರುವ ದಾರಿಯನ್ನು ತುಳಿದೇ ಬಂದೆಯೇಕೆಂದು ಕೇಳಿದಾಗ, “ನೀ ಎಷ್ಟು ದೂರ ಅದೀ ಅನ್ನೂದು ನನ್ನ ಕಾಲಿಗೆ ಗೊತ್ತಾಗಬೇಕಿತ್ತು” ಎಂದನು. ಮುಂದೆ ಎಷ್ಟೋ ಪಂಚಮಿಗಳಿಗೆ ಅವನು ಹಾಗೆಯೇ ಬಂದನು.

ಅರವತ್ತು ತುಂಬಿದ ವರ್ಷದಲ್ಲಿ, ಹುಬ್ಬಳ್ಳಿಯ ಸೈಕಲ್ ಪ್ರಿಯರು ನಡೆಸುವ 200 ಕಿಲೋಮೀಟರಿನ ದೂರ ಸವಾರಿಯಲ್ಲಿ ಅವನು ಪಾಲ್ಗೊಂಡನು. ಫ್ರಾನ್ಸ್ ದೇಶದಲ್ಲಿ ಹುಟ್ಟಿ, ಪ್ಯಾರಿಸ್‌ನಿಂದ ಬ್ರೆಸ್ಟ್ ನಗರಕ್ಕೆ ಹೋಗಿ ಮರಳುವ 1200 ಕಿಲೋಮೀಟರಿನ ಮಹಾಸವಾರಿಯಿಂದ ಜಗತ್ಪ್ರಸಿದ್ಧವಾದ ಈ ಪದ್ಧತಿಯಲ್ಲಿ ಒಂದನೆಯವನು, ಎರಡನೆಯವನು ಎಂಬುದಿಲ್ಲ. ಗೊತ್ತುಪಡಿಸಿದ ಅವಧಿಯೊಳಗೆ, ಅಂದರೆ 200 ಕಿಲೋಮೀಟರಿಗೆ ಹದಿಮೂರೂವರೆ ತಾಸಿನೊಳಗೆ, ಮುಟ್ಟಿದವರೆಲ್ಲರೂ ಸಮಾನರು. ಗೇರುಗಳಿಲ್ಲದ ತನ್ನ ಹಳೆಯ ಸೈಕಲ್ಲಿಗೆ ಹೊಸ ದೀಪ ಕಟ್ಟಿಕೊಂಡು ಅವನು ಸಮಯದೊಳಗೇ ಮುಟ್ಟಿದನು. ಯಾರನ್ನೂ ಸೋಲಿಸಬೇಕಾಗಿಲ್ಲದ ಆ ಆಟವು ಅವನ ಸ್ವಭಾವಕ್ಕೆ ಒಪ್ಪುವಂತಿತ್ತು.

ಬಂಧುಗಳೇ, ನಾವು ಆ ಕಣದಲ್ಲಿ ಕಲಿತಂತೆಯೇ ತಮಿಳುನಾಡಿನ ಪುದುಕ್ಕೋಟೆ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಅಕ್ಷರದ ಆಂದೋಲನದೊಡನೆಯೇ ಸಾವಿರ ಸಾವಿರ ಹಳ್ಳಿಯ ಹೆಂಗಸರು ಸೈಕಲ್ ಕಲಿತರು. ಮುಂದೆ ಕರ್ನಾಟಕ ಸರಕಾರವೂ 2006–07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿದಾಗ ನಮ್ಮಣ್ಣನಿಗೆ ಆದ ಹಿಗ್ಗು ಅಷ್ಟಿಷ್ಟಲ್ಲ. ಊರಿನ ಮಕ್ಕಳ ಸೈಕಲ್ಲುಗಳನ್ನು ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ, ಬ್ರೇಕು ಬಿಗಿದು, ಚೈನಿಗೆ ಎಣ್ಣೆ ಬಿಟ್ಟು, ಕಾಸು ಮುಟ್ಟದೆ ಪಂಕ್ಚರ್ ಹಚ್ಚಿ ಕೊಡುತ್ತಿದ್ದನು. ಕೋವಿಡ್ಡಿನ ಕಾಲಕ್ಕೆ ಆ ಯೋಜನೆ ನಿಂತಾಗ ಅವನು ಬಹಳ ನೊಂದುಕೊಂಡನು.

ನಮ್ಮ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ ತಾಲ್ಲೂಕುಗಳಲ್ಲಿ ಕನ್ನಡ ಶಾಲೆಗಳಿವೆ. ಆ ಶಾಲೆಗಳಲ್ಲಿ ಏಳನೆಯ ತರಗತಿ ಮುಗಿಸಿ, ಮುಂದಿನ ಶಾಲೆ ದೂರವೆಂಬ ಒಂದೇ ಕಾರಣಕ್ಕೆ ಮನೆಯಲ್ಲಿ ಉಳಿಯುವ ಹೆಣ್ಣುಮಗು ಇರಬಾರದು. ಪ್ರತಿ ವಾರ್ಷಿಕೋತ್ಸವದಲ್ಲಿ ನಾವು ಶಾಲು, ಫಲಕಗಳಿಗೆ ವೆಚ್ಚ ಮಾಡುವ ಹಣದಲ್ಲಿ ಒಂದು ಪಾಲನ್ನು ಇನ್ನು ಮುಂದೆ ಅಂಥ ಮಕ್ಕಳ ಸೈಕಲ್ಲಿಗಾಗಿ ತೆಗೆದಿಡಬೇಕೆಂದು ಸಂಘದ ಪದಾಧಿಕಾರಿಗಳನ್ನು ಕೈಮುಗಿದು ಪ್ರಾರ್ಥಿಸುತ್ತೇನೆ. ಮೊದಲನೆಯ ಸೈಕಲ್ಲಿನ ಹಣವನ್ನು ನಾನು ಇಂದೇ ಕೋಶಾಧ್ಯಕ್ಷರಿಗೆ ಒಪ್ಪಿಸುತ್ತಿದ್ದೇನೆ. ಎರಡನೆಯದನ್ನು ಕೊಡುವವರು ಈ ಸಭೆಯಲ್ಲಿಯೇ ಇದ್ದಾರೆಂದು ನಂಬಿದ್ದೇನೆ.